ಬೇನೆ ಯಾರಿಗೆ, ಬಾಯಿ ಯಾರದು

ರೋಗಿ ಎಂದು ಕರೆತಂದವಳನ್ನು ಒಂದು ಮಾತೂ ಕೇಳದೆ ಪಥ್ಯ ಹೇಳಿ ಕಳಿಸಿದಳು. ದಾಕ್ಷಾಯಣಿ ಮಾಡಿದ ತಪ್ಪು ಇದು.

ಸಣ್ಣ ತಪ್ಪು ಅನ್ನಬೇಡಿ. ನಮ್ಮ ಊರುಗಳಲ್ಲಿ ಹೆಣ್ಣಿಗೆ ಬೇನೆ ಬಂದರೆ ಹೊಟ್ಟೆ ಅವಳದು, ಬಾಯಿ ಮಾತ್ರ ಗಂಡನದು, ಅತ್ತೆಯದು, ಮೈದುನನದು. ದೊಡ್ಡ ಪದವಿ ಪಡೆದವರೂ ಆ ಬಾಯಿಗೇ ಕಿವಿ ಕೊಟ್ಟು ಗುಳಿಗೆ ಬರೆಯುತ್ತಾರೆ. ದಾಕ್ಷಾಯಣಿ ಆಗಷ್ಟೇ ಹತ್ತನೇ ತರಗತಿ ಮುಗಿಸಿದ್ದಳು. ಆದರೂ ತಪ್ಪು ತಪ್ಪೇ.

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿದ್ದ ಸ್ವಾಮಿ ಅಜ್ಜಾರು ತೀರಿಹೋದ ಮೇಲೆ ಪ್ರವಚನ ನಿಂತಿತು. ಪ್ರವಚನದ ಪಡಸಾಲೆಯಲ್ಲಿ ಡಾಕ್ಟರ್ ನೀಲಾಂಬಿಕಾ ದವಾಖಾನೆ ಇಟ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಸುತ್ತಲಿನ ಊರವರಿಗೆ ಅವರು ಅಕ್ಕಾವ್ರು.

ದಾಕ್ಷಾಯಣಿ ಅಲ್ಲಿಗೆ ಬಂದದ್ದು ಬೇಸಿಗೆ ರಜೆಯಲ್ಲಿ, ಡಾಕ್ಟರ್ ಕೆಲಸ ಕಲಿಯಲು.

ಅವಳ ಅಪ್ಪ ಬಸಲಿಂಗಪ್ಪನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮಗಳು ಡಾಕ್ಟರೇ ಆಗುತ್ತೇನೆ ಎಂದು ಹಟ ಹಿಡಿದಾಗ ಅವನೊಂದು ಕರಾರು ಹಾಕಿದ.

"ರಜೆ ಪೂರ್ತಿ ಅಕ್ಕಾವ್ರ ಹತ್ರ ಇರು. ಅವರು ಹೂಂ ಅಂದ್ರ ಸೈನ್ಸ್ ಕೊಡಸ್ತೀನಿ. ಊಹೂಂ ಅಂದ್ರ ಅಂಗಡಿ ಗಲ್ಲೇದ ಮ್ಯಾಲ ಕುಂದ್ರಬೇಕು."

ಹುಡುಗಿಗೆ ಬೇಕಾಗಿದ್ದದ್ದು ಆ ಒಂದು 'ಹೂಂ'.

ಬುದ್ಧಿಗೇನೂ ಕೊರತೆ ಇರಲಿಲ್ಲ. ಹೆಚ್ಚೇ ಇತ್ತು. ಮೊಬೈಲಿನಲ್ಲಿ ಕಂಡ ರೋಗಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ತನ್ನ ಅಜ್ಜನಿಗೆ ಬಿಕ್ಕಳಿಕೆ ಬಂದಾಗ ಮೂರು ರೋಗಗಳ ಹೆಸರು ಹೇಳಿದ್ದಳು. ಅಜ್ಜ ಒಂದು ತಂಬಿಗೆ ನೀರು ಕುಡಿದು ಮೂರರಿಂದಲೂ ಗುಣವಾಗಿದ್ದ.

ಬರುವಾಗ ಬಿಳಿ ಕೋಟು ಹಾಕಿಕೊಂಡೇ ಬಂದಳು. ಓಣಿಯ ಟೇಲರ್ ಹೊಲಿದದ್ದು. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಡಾ. ದಾಕ್ಷಾಯಣಿ' ಎಂದಿತ್ತು.

ಅಕ್ಕಾವ್ರು ನದಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಅಕ್ಕಾವ್ರ, ನನಗ ಡಾಕ್ಟರ್ ಕೆಲಸ ಕಲಸ್ರಿ."

"ಏನ್ ಬರ್ತದ ನಿನಗ?"

"ಮೈಯಾಗಿನ ಎಲುಬಿನ ಹೆಸರೆಲ್ಲಾ ಬರ್ತಾವ್ರಿ. ತಲಿಯಿಂದ ಸುರು ಮಾಡ್ಲೇನ್ರಿ, ಕಾಲಿಂದ್ಲೋ?"

"ಸುಮ್ನ ಕುಂದ್ರಾಕ ಬರ್ತದೇನು?"

ದಾಕ್ಷಾಯಣಿ ಯೋಚಿಸಿದಳು. "ಅದು ನಮ್ಮ ಸಿಲೆಬಸ್‌ನ್ಯಾಗ ಇರಲಿಲ್ರಿ."

ಅಕ್ಕಾವ್ರು ನಗಲಿಲ್ಲ. "ಕೋಟು ತಗಿ," ಎಂದರು.

ತೆಗೆದುಕೊಟ್ಟಳು. ಅಕ್ಕಾವ್ರು ಒಳಗೆ ಹೋಗಿ, ರೋಗಿಗಳನ್ನು ಮಲಗಿಸುವ ಮಂಚದ ಪಕ್ಕದ ಕಿಟಕಿಗೆ ಅದನ್ನು ಅಡ್ಡ ಕಟ್ಟಿದರು.

"ಭಾಳ ದಿವಸದಿಂದ ಇಲ್ಲೊಂದು ಪರದೆ ಬೇಕಾಗಿತ್ತು. ಛಲೋ ಆತು."

"ಅಕ್ಕಾವ್ರ, ಅದರ ಮ್ಯಾಲ ನನ್ನ ಹೆಸರೈತ್ರಿ!"

"ಇರ್ಲಿ. ಒಳಗಿದ್ದವರ ಮಾನ ಕಾಯೋರು ಯಾರು ಅಂತ ಹೊರಗಿನವರಿಗೆ ಗೊತ್ತಾಗ್ಲಿ."

ಆಮೇಲೆ ಕೆಲಸ ಹೇಳಿದರು. "ಬಾಗಿಲದಾಗ ಕುಂದ್ರು. ಬಂದವರನ್ನ ಏನಾಗೇತಿ ಅಂತ ಕೇಳು. ಅವರು ಹೇಳಿದ್ದನ್ನ ನನಗ ಬಂದು ಹೇಳು. ನಿಂದು ಒಂದ ಮಾತೂ ಸೇರಿಸಬ್ಯಾಡ."

"ಅಷ್ಟ ಏನ್ರಿ?"

"ಅಷ್ಟು ಬಂದ್ರ ನಿಮ್ಮಪ್ಪಗ ಹೂಂ ಅಂತೀನಿ."

ಇದೇನು ಮಹಾ ಎಂದುಕೊಂಡಳು ದಾಕ್ಷಾಯಣಿ.

ಮರುದಿನ ಬೆಳಿಗ್ಗೆ ಒಬ್ಬ ಕುಂಟುತ್ತಾ ಬಂದ. ಅವನು ಇನ್ನೂ ಬೇವಿನ ಮರದ ಹತ್ತಿರ ಇರುವಾಗಲೇ ದಾಕ್ಷಾಯಣಿಗೆ ರೋಗ ಗೊತ್ತಾಗಿಹೋಯಿತು.

"ಕಾಕಾ, ಸೊಂಟದಿಂದ ಸುರು ಆಗ್ತದಲ್ಲ?"

ಅವನು ಬಾಯಿ ತೆರೆದ.

"ಅದು ನರ. ಬೆನ್ನೆಲುಬಿನಾಗ ಸಿಕ್ಕಿಬಿದ್ದಿರ್ತದ. ಮಾತಾಡಬ್ಯಾಡ್ರಿ, ಮಲಕೋರಿ."

ಬೆಂಚಿನ ಮೇಲೆ ಮಲಗಿಸಿದಳು. ಕಾಲು ಹಿಡಿದು ಮೇಲೆತ್ತಿದಳು. "ಈಗ ನೋವಾಗ್ತದಲ್ಲ?"

"ಬಿಡು ತಂಗಿ, ಹಾಲು ಚೆಲ್ತದ!"

ಗದ್ದಲ ಕೇಳಿ ಅಕ್ಕಾವ್ರು ಹೊರಗೆ ಬಂದರು. "ಯಂಕಪ್ಪಾ, ಯಾಕ ಕುಂಟಾಕತ್ತೀ?"

"ಚಪ್ಪಲಿ ಉಂಗುಟ ಹರದೈತ್ರಿ. ಹಾಲು ಕೊಡಾಕ ಬಂದ್ರ ಈ ತಂಗಿ ಕಾಲು ಹಿಡದು ಎತ್ತಿಬಿಟ್ಲು."

ಅಕ್ಕಾವ್ರು ದಾಕ್ಷಾಯಣಿಯ ಕಡೆ ತಿರುಗಿದರು. "ಔಷಧಿ ಹೇಳು."

"ಮೊಳಿ," ಎಂದಳು ದಾಕ್ಷಾಯಣಿ, ನೆಲ ನೋಡುತ್ತಾ.

ಅಕ್ಕಾವ್ರು ಸುತ್ತಿಗೆ ತಂದು ಅವಳ ಕೈಗಿಟ್ಟರು.

ಒಂದು ಪೆಟ್ಟು ಮೊಳೆಗೆ ಬಿತ್ತು, ಒಂದು ಹೆಬ್ಬೆರಳಿಗೆ. ಯಂಕಪ್ಪ ಚಪ್ಪಲಿ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದ. "ಕೈಗುಣ ಛಲೋ ಐತಿ ತಂಗಿ. ನಾಳೆ ನನ್ನ ಹೇಣ್ತೀದೂ ತರ್ತೀನಿ," ಎಂದ.

ಸಂಜೆ ದಾಕ್ಷಾಯಣಿ ನದಿಯ ಮೆಟ್ಟಿಲಿಗೆ ಹೋದಳು.

"ಅಕ್ಕಾವ್ರ, ಸುಮ್ನಿರೋದು ಹೆಂಗ ಕಲೀಬೇಕ್ರಿ?"

"ಏನಾಗೇತಿ ಅಂತ ಕೇಳು. ಕೇಳಿದ ಕೂಡ್ಲೆ ಬಾಯಿ ತುಂಬ ನೀರು ಹಾಕ್ಕೋ. ಅವರ ಮಾತು ಮುಗಿಯೋತನಕ ನುಂಗಬ್ಯಾಡ, ಉಗುಳಬ್ಯಾಡ."

ಹುಡುಗಿ ಹಟಮಾರಿ. ಮಾಡಿಯೇಬಿಟ್ಟಳು. ಪಕ್ಕದಲ್ಲಿ ತಂಬಿಗೆ, ಬಾಯಲ್ಲಿ ನೀರು, ಎರಡೂ ಕೆನ್ನೆ ಪೂರಿಯ ಹಾಗೆ. ಬಂದವರು ತಮ್ಮ ಬೇನೆ ಮರೆತು ಅವಳದನ್ನು ವಿಚಾರಿಸತೊಡಗಿದರು.

"ಪಾಪ, ಈ ಹುಡುಗಿಗೆ ಹಲ್ಲಬ್ಯಾನಿ ಐತೇನ್ರಿ?"

ಒಬ್ಬ ಮುದುಕ ತನ್ನ ಮೂಲವ್ಯಾಧಿಯ ಕಥೆಯನ್ನು ಕುಸ್ತಿ ಪಂದ್ಯದ ಹಾಗೆ ಹೇಳಿದ. ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು, ಯಾವ ಮೆಣಸಿನಕಾಯಿಗೆ ತಾನು ಚಿತ್ ಆದೆ ಎಂದೆಲ್ಲ. ದಾಕ್ಷಾಯಣಿ ತಡೆದಳು, ತಡೆದಳು, ಕೊನೆಗೆ ತಡೆಯಲಾಗಲಿಲ್ಲ. ಮುದುಕ ಅಂಗಿ ಹಿಂಡಿಕೊಳ್ಳುತ್ತಾ ಒಳಗೆ ಹೋದ.

"ಅಕ್ಕಾವ್ರ, ನಿಮ್ಮಲ್ಲಿ ಜಳಕಾನೂ ಮಾಡಸ್ತಾರಲ್ರಿ."

ಹೀಗೆ ಒದ್ದೆಯಾಗುತ್ತ, ಒದ್ದೆ ಮಾಡುತ್ತ, ಹುಡುಗಿ ಸುಮ್ಮನಿರುವುದನ್ನು ಕಲಿತಳು. ಆಮೇಲೆ ನೀರು ಬೇಕಾಗಲಿಲ್ಲ. ಹೇಳಿದವರ ಮಾತನ್ನು ಹೇಳಿದ ಹಾಗೆಯೇ ಒಳಗೆ ಮುಟ್ಟಿಸತೊಡಗಿದಳು. ಅಕ್ಕಾವ್ರ 'ಹೂಂ' ಇನ್ನೇನು ಕೈಗೆ ಬಂತು ಎಂದುಕೊಂಡಳು.

ಆಗ ಫಕೀರವ್ವ ಬಂದಳು.

ಅವತ್ತು ಅಕ್ಕಾವ್ರು ಒಂದು ಹೆರಿಗೆ ನೋಡಲು ಆಚೆ ದಂಡೆಗೆ ಹೋಗಿದ್ದರು. ಹೋಗುವಾಗ ಹೇಳಿದ್ದರು, "ಯಾರರ ಬಂದ್ರ ಕೇಳಿ ಇಟ್ಟುಕೋ. ಔಷಧಿ ಹೇಳಬ್ಯಾಡ."

ಫಕೀರವ್ವನದು ಗಟ್ಟಿ ದನಿ, ವಯಸ್ಸು ಅರವತ್ತರ ಆಚೆ ಈಚೆ. ಅವಳ ಹಿಂದೆ ಸೊಸೆ ಸುರೇಖಾ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು.

"ಏನಾಗೇತ್ರಿ?" ದಾಕ್ಷಾಯಣಿ ಕೇಳಿದಳು. ಇಬ್ಬರಲ್ಲಿ ಯಾರನ್ನು ಕೇಳಿದಳು ಎಂದು ಅವಳಿಗೇ ಗೊತ್ತಿರಲಿಲ್ಲ. ಉತ್ತರ ಬಂದದ್ದು ಅತ್ತೆಯಿಂದ.

"ನನಗೇನವಾ, ಕಲ್ಲಿನಂಗ ಅದೀನಿ. ಈಕೀದು ನೋಡು. ಕೆಮ್ಮಿದ್ರ ಮೂತ್ರ ಹನೀತದ, ಸೀನಿದ್ರ ಹನೀತದ. ಕೊಡ ಎತ್ತಿದ್ರಂತೂ ಸೀರೀನ ತೊಯ್ತದ. ಮಂದ್ಯಾಗ ನಗಾಕ ಹೆದರಿಕಿ. ಒಂದು ಮದವಿಗೆ ಹೋಗಂಗಿಲ್ಲ, ಒಂದು ಬಸ್ ಹತ್ತಂಗಿಲ್ಲ. ಒಳಗ ಏನೋ ಕೆಳಗ ಜಗ್ಗಿದಂಗ ಆಗ್ತದ. ಸಂಜಿ ಅನ್ನೋದ್ರಾಗ ನಡಾ ಬಿದ್ದಹೋಗ್ತದ."

ದಾಕ್ಷಾಯಣಿ ನಡುವೆ ಬಾಯಿ ಹಾಕಲಿಲ್ಲ. ಎಷ್ಟು ಸುಮ್ಮನಿದ್ದೇನೆ ನೋಡಿ ಎಂಬಂತೆ ಹೆಮ್ಮೆಯಿಂದ ತಲೆಯಾಡಿಸಿದಳು.

ಸುರೇಖಾ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು.

"ಅಕ್ಕಾವ್ರು ಊರಾಗಿಲ್ರಿ," ಎಂದಳು ದಾಕ್ಷಾಯಣಿ.

"ನೀನೂ ಡಾಕ್ಟರನ ಅಲ್ಲೇನವಾ? ನಿನ್ನ ಹೆಸರಿನ ಕೋಟು ಐತಂತ, ಸಂತ್ಯಾಗ ಹಾಲಿನವ ಒಬ್ಬ ಎಲ್ಲಾರ ಮುಂದ ಹೇಳಾಕತ್ತಿದ್ದ."

ಆ ಒಂದು ಮಾತಿಗೆ ಹುಡುಗಿ ಬೆಲ್ಲದ ಹಾಗೆ ಕರಗಿದಳು.

"ಭಾರ ಎತ್ತಬಾರದ್ರಿ," ಎಂದಳು. "ಒಂದು ಕೊಡಾನೂ ಎತ್ತಬಾರದು. ಕಟಗಿ ಹೊರಬಾರದು, ನೆಲಾ ಒರಸಬಾರದು. ಎಲ್ಲಾ ನೀವ ನೋಡ್ಕೋಬೇಕು."

"ಯಾರು?"

"ನೀವ್ರಿ. ಸೊಸಿ ಎತ್ತಬಾರದಂದ್ರ ಅತ್ತಿ ಎತ್ತಬೇಕಲ್ಲ."

ಫಕೀರವ್ವನ ಮುಖ ಒಣಗಿತು. "ನಾನ?"

"ಕಲ್ಲಿನಂಗ ಅದೀನಿ ಅಂದ್ರಲ್ರಿ."

ಸುರೇಖಾ ಹಲ್ಲಿಯನ್ನು ಬಿಟ್ಟು ಮೊದಲ ಸಲ ದಾಕ್ಷಾಯಣಿಯ ಮುಖ ನೋಡಿದಳು.

ಸಂಜೆ ಅಕ್ಕಾವ್ರು ಬಂದರು. ದಾಕ್ಷಾಯಣಿ ಫಕೀರವ್ವನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ತಾನು ಹೇಳಿದ ಪಥ್ಯವನ್ನೂ ಕೊನೆಗೆ ಸಣ್ಣ ದನಿಯಲ್ಲಿ ಸೇರಿಸಿದಳು.

"ಇದನ್ನ ಯಾರು ಹೇಳಿದ್ರು?"

"ಅತ್ತಿರಿ."

"ಸೊಸಿ ಏನಂದ್ಲು?"

"ಏನೂ ಅನ್ನಲಿಲ್ರಿ. ಬಾಜೂಕ ಕುಂತಿದ್ರು."

"ಆಕೀನ್ನ ಏನ್ ಕೇಳಿದಿ?"

ದಾಕ್ಷಾಯಣಿ ಸುಮ್ಮನಾದಳು. ಈ ಸಲ ಸುಮ್ಮನಿರಲು ಕಲಿಯಬೇಕಾಗಲಿಲ್ಲ.

"ಯಾವ ಊರವರು?"

"ಹೆಸರಷ್ಟ ಬರಕೊಂಡ್ನಿ. ಊರು ಕೇಳಲಿಲ್ರಿ."

ಅಕ್ಕಾವ್ರು ಬೈಯಲಿಲ್ಲ. ಊಟಕ್ಕೆ ಕರೆದರು. ದಾಕ್ಷಾಯಣಿ ತಾಟಿನ ಮುಂದೆ ಕೂತಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸಂಜೆಯ ಹಾಲು ಕೊಡಲು ಬಂದ ಯಂಕಪ್ಪ ಬಾಗಿಲಲ್ಲಿ ನಿಂತಿದ್ದ.

"ಯಂಕಪ್ಪಾ, ಈ ಹುಡುಗಿಗೆ ಹಸಿವು ಆಗೇತೇನು?" ಅಕ್ಕಾವ್ರು ಕೇಳಿದರು.

ಯಂಕಪ್ಪ ದಾಕ್ಷಾಯಣಿಯನ್ನು ಮೇಲಿಂದ ಕೆಳಗೆ ನೋಡಿದ. "ಕಾಣಂಗಿಲ್ರಿ. ಮಾರಿ ಊದಿಸಿಕೊಂಡಾಳ. ಹೊಟ್ಟಿ ತುಂಬಿದಂಗೈತಿ."

"ಹಂಗಾರ ಬ್ಯಾಡ." ಅಕ್ಕಾವ್ರು ತಾಟು ಎತ್ತಿಕೊಂಡರು.

"ಅಕ್ಕಾವ್ರ! ನನಗ ಹಸಿವಾಗೇತ್ರಿ!"

"ನಿನ್ನ ಯಾರು ಕೇಳಿದ್ರು?"

ತಾಟು ಆಮೇಲೆ ತಿರುಗಿ ಬಂತು.

"ಆ ಅತ್ತಿ-ಸೊಸಿ ಮತ್ತ ಬರೋತನಕ," ಎಂದರು ಅಕ್ಕಾವ್ರು, "ನನ್ನ ಬಾಯಾಗ ಹೂಂ ಇಲ್ಲ."

ದಾಕ್ಷಾಯಣಿ ದಿನವೂ ದಾರಿ ನೋಡಿದಳು. ಹಾಲು ಹಾಕುವ ಊರುಗಳಲ್ಲೆಲ್ಲ ವಿಚಾರಿಸಲು ಯಂಕಪ್ಪನಿಗೆ ಹೇಳಿದಳು. ಅವನು ವಿಚಾರಿಸಿದ. ಪ್ರತಿ ಊರಿನಲ್ಲೂ ಒಬ್ಬಳಾದರೂ ಫಕೀರವ್ವ ಇದ್ದಳು. ಪ್ರತಿಯೊಬ್ಬಳೂ ತಾನು ಕಲ್ಲಿನಂಗ ಅದೀನಿ ಅಂದಳಂತೆ.

ರಜೆ ಮುಗಿಯಲು ಬಂದಾಗ ಅವರೇ ಬಂದರು. ಈಗ ಸೊಸೆ ಮುಂದೆ, ಅತ್ತೆ ಹಿಂದೆ. ಸುರೇಖಾಳ ಕೆನ್ನೆ ತುಂಬಿಕೊಂಡಿತ್ತು. ಫಕೀರವ್ವ ನಡು ಹಿಡಿದುಕೊಂಡು, ಸೊಸೆಯ ಭುಜದ ಮೇಲೆ ಭಾರ ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

ಅಕ್ಕಾವ್ರು ಬಾಗಿಲಿಗೆ ಬಂದರು. "ಕರಕೊಂಡು ಬಂದವರು ಹೊರಗ ಕುಂದರ್ರಿ. ಬ್ಯಾನಿ ಇದ್ದವರು ಒಳಗ ಬರ್ರಿ."

ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಫಕೀರವ್ವ ಸೊಸೆಯನ್ನು ಒಳಕ್ಕೆ ನೂಕಿದಳು. "ಹೋಗ, ನೀನ ಹೋಗ."

ಒಳಗೆ ಅಕ್ಕಾವ್ರು ದಾಕ್ಷಾಯಣಿಗೆ ಕಣ್ಣಲ್ಲೇ ಹೇಳಿದರು: ಕೇಳು.

"ಸುರೇಖಕ್ಕಾ, ನಿಮಗ ಏನಾಗೇತ್ರಿ?"

"ನನಗ?" ಸುರೇಖಾ ಸೆರಗು ಸರಿಸಿದಳು. "ನನಗೇನೂ ಆಗಿಲ್ಲ."

"ಮತ್ತ ಆವತ್ತ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ಲಲ್ಲ."

ದಾಕ್ಷಾಯಣಿಗೆ ಸುತ್ತಿಗೆಯ ಪೆಟ್ಟೂ ಇಷ್ಟು ನೋವು ಕೊಟ್ಟಿರಲಿಲ್ಲ.

"ನೀವು ಓದಿದವರು," ಸುರೇಖಾ ಮುಂದುವರಿಸಿದಳು, "ಅಷ್ಟು ಗಟ್ಟಿಯಾಗಿ ಹೇಳಿದ ಮ್ಯಾಲ ಇರಬೇಕೇನೋ ಅನಕೊಂಡ್ನಿ. ಮನಿಗೆ ಹೋಗಿ ಬಚ್ಚಲದಾಗ ನಿಂತು ಕೆಮ್ಮಿ ಕೆಮ್ಮಿ ನೋಡಿದ್ನಿ. ಗಂಟಲು ನೋವು ಬಂತು, ಮತ್ತೇನೂ ಬರಲಿಲ್ಲ."

"ಕೊಡ?"

"ಎತ್ತಾಕ ಹೋದ್ನಿ. ಅತ್ತಿ ಕಸಗೊಂಡ್ರು. ಸೊಸಿ ಕೊಡ ಎತ್ತಬಾರದಂತ ಡಾಕ್ಟರ್ ಹೇಳ್ಯಾರಂತ ಓಣಿಗೆಲ್ಲಾ ಅವರ ಹೇಳಿಬಿಟ್ಟಿದ್ರು. ಈಗ ಮಾತು ಹೆಂಗ ತಿರಗಸ್ತಾರ? ತಾವ ಹೊತ್ರು. ಮೊನ್ನಿಯಿಂದ ಏಳಾಕ ಆಗವಲ್ದು."

ದಾಕ್ಷಾಯಣಿ ಎದ್ದು ಹೊರಗೆ ಹೋದಳು. ಬೆಂಚಿನ ಮೇಲೆ ಫಕೀರವ್ವನ ಪಕ್ಕ ಕೂತಳು.

"ಅವ್ವಾ, ನಿಮಗ ಏನಾಗೇತಿ?"

"ನನಗೇನವಾ, ಕಲ್ಲಿನಂಗ..."

ಮಾತು ಅಲ್ಲಿಗೇ ನಿಂತಿತು. ದಾಕ್ಷಾಯಣಿಗೆ ಗೊತ್ತಿದ್ದ ರೋಗಗಳ ಹೆಸರೆಲ್ಲ ನಾಲಗೆಯ ತುದಿಗೆ ಬಂದವು. ಒಂದನ್ನೂ ಹೊರಗೆ ಬಿಡಲಿಲ್ಲ. ಅವಳ ಕಣ್ಣು ಫಕೀರವ್ವನ ಮುಖವನ್ನು ಬಿಟ್ಟು ಕದಲಲಿಲ್ಲ.

ಫಕೀರವ್ವ ನದಿಯ ಕಡೆ ನೋಡಿದಳು. ಕೆಮ್ಮು ಬಂತು. ಕೈ ತಾನಾಗಿಯೇ ನೆರಿಗೆಗೆ ಹೋಯಿತು.

"ಕಿರೀ ಮಗಾ ಹುಟ್ಟಿದಾಗಿಂದ ಐತವಾ," ಎಂದಳು. ಆ ಗಟ್ಟಿ ದನಿ ಎಲ್ಲಿ ಹೋಯಿತೋ. "ಆ ಮಗಗ ಈಗ ಮಗಳು ಅದಾಳ."

ದಾಕ್ಷಾಯಣಿ ಕಾದಳು.

"ಆವಾಗ ನನ್ನ ಗಂಡ ದವಾಖಾನಿಗೆ ಕರಕೊಂಡು ಹೋಗಿದ್ದ. ಡಾಕ್ಟರ್ ಏನು ಅಂತ ಕೇಳಿದ. ಈಕಿಗೆ ಸುಸ್ತು ಅಂದ ನನ್ನ ಗಂಡ. ಶಕ್ತಿ ಗುಳಿಗಿ ಕೊಟ್ರು. ನುಂಗಿದ್ನಿ. ಆಮ್ಯಾಲ ಗಂಡ ಹೋದ. ಈ ವಯಸ್ಸಿನಾಗ ಗಂಡಸ ಮಕ್ಕಳ ಮುಂದ ಇದನ್ನ ಹೆಂಗ ಹೇಳ್ಲಿ? ಸೊಸಿ ಹೆಸರ್ಲೆ ಔಷಧಿ ಒಯ್ದು ನಾ ನುಂಗಿದ್ರಾತು ಅನಕೊಂಡ್ನಿ. ಹರೇದಾಕಿ, ಆಕಿಗೆ ಯಾರೇನಂತಾರ? ನೀನು ಔಷಧಿ ಕೊಡೋದು ಬಿಟ್ಟು ನನ್ನ ತಲಿ ಮ್ಯಾಲ ಕೊಡಾ ಹೊರಿಸಿದಿ."

"ತಪ್ಪಾತ್ರಿ ಅವ್ವಾ."

"ಹೂಂ, ಆತು."

ಅಕ್ಕಾವ್ರು ಫಕೀರವ್ವನನ್ನು ಒಳಗೆ ಕರೆದು ಪರದೆಯ ಹಿಂದೆ ಪರೀಕ್ಷಿಸಿದರು. "ಗರ್ಭಕೋಶ ಕೆಳಗ ಜಾರೇತಿ," ಎಂದರು. "ಸದ್ಯ ಒಳಗ ಒಂದು ರಬ್ಬರ್ ಬಳಿ ಇಟ್ಟು ಎತ್ತಿ ಹಿಡೀತೀನಿ. ವ್ಯಾಯಾಮ ಹೇಳಿಕೊಡ್ತೀನಿ. ಬೇಕಾತು ಅಂದ್ರ ಜಿಲ್ಲಾ ಆಸ್ಪತ್ರ್ಯಾಗ ಆಪರೇಶನ್ ಮಾಡ್ತಾರ."

"ಇದಕ್ಕ ಉಪಾಯ ಐತೇನ್ರಿ?"

"ಐತಿ."

"ಆವಾಗೂ ಇತ್ತೇನ್ರಿ?"

"ಇತ್ತು."

ಫಕೀರವ್ವ ಬೈಯತೊಡಗಿದಳು. ಸತ್ತ ಗಂಡನನ್ನು ಬೈದಳು. ಆ ಡಾಕ್ಟರನನ್ನು, ಅವನ ಶಕ್ತಿ ಗುಳಿಗೆಯನ್ನು, ಗುಳಿಗೆ ಮಾಡಿದವನನ್ನು ಬೈದಳು. ಕೊನೆಗೆ ದಾಕ್ಷಾಯಣಿಯನ್ನೂ ಬೈದು, ಅವಳ ಕೈಯಿಂದಲೇ ನೀರು ಇಸಕೊಂಡು ಕುಡಿದಳು. ಹೊರಗೆ ಬೆಂಚಿನ ಮೇಲೆ ಅಷ್ಟರಲ್ಲಿ ಹೆಂಡಂದಿರನ್ನು ಕರೆತಂದ ಗಂಡಸರ ಸಾಲು ಬಂದು ಕೂತಿತ್ತು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಆ ಹೊತ್ತಿಗೇ ಬಸಲಿಂಗಪ್ಪನ ಬೈಕು ಬಂದು ನಿಂತಿತು. ಮಗಳನ್ನು ಕರೆದೊಯ್ಯಲು ಬಂದಿದ್ದ. ನೇರ ಒಳಗೆ ಬಂದ.

"ನಮಸ್ಕಾರ್ರಿ ಅಕ್ಕಾವ್ರ. ಹೂಂ ಏನ್ರಿ, ಊಹೂಂ ಏನ್ರಿ?"

ಅಕ್ಕಾವ್ರು ಅವನಿಗೆ ಉತ್ತರ ಕೊಡಲಿಲ್ಲ. ದಾಕ್ಷಾಯಣಿಯನ್ನು ಕೇಳಿದರು. "ನಿನಗ ಏನನಸ್ತದ?"

"ಆಕಿಗೇನ್ರಿ," ಎಂದ ಬಸಲಿಂಗಪ್ಪ, "ಸಣ್ಣಾಕಿ ಇದ್ದಾಗಿಂದ ಇದ ಹುಚ್ಚು. ರಕ್ತಾ ಕಂಡ್ರ ಹೆದರಂಗಿಲ್ಲ. ಎಷ್ಟು ಓದು ಅಂದ್ರ ಅಷ್ಟು ಓದ್ತಾಳ. ಆಕಿ ಮನಸಿನಾಗ ಏನೈತಿ ಅಂದ್ರ..."

"ಅಪ್ಪಾ," ಎಂದಳು ದಾಕ್ಷಾಯಣಿ. "ಕರಕೊಂಡು ಬಂದವರು ಹೊರಗ ಕುಂದ್ರಬೇಕು."

ಬಸಲಿಂಗಪ್ಪ ಬಾಯಿ ತೆರೆದ. ಅಕ್ಕಾವ್ರ ಮುಖ ನೋಡಿದ. ಬಾಯಿ ಮುಚ್ಚಿಕೊಂಡು ಹೋಗಿ ಆ ಗಂಡಸರ ಸಾಲಿನಲ್ಲಿ ಕೂತ.

"ಹೆದರಿಕಿ ಆಗ್ತದ್ರಿ," ಎಂದಳು ದಾಕ್ಷಾಯಣಿ. "ಆ ಅವ್ವ ಕೊಡಾ ಹೊತ್ತದ್ದು ನನ್ನ ಮಾತಿಗೆ. ನನಗ ಕೇಳಾಕ ಇನ್ನೂ ಬರಂಗಿಲ್ಲ. ಆದ್ರ ಕಲೀಬೇಕು ಅನಸ್ತದ. ನೀವು ಊಹೂಂ ಅಂದ್ರ ಗಲ್ಲೇದ ಮ್ಯಾಲ ಕುಂದ್ರತೀನಿ. ಮುಂದಿನ ರಜೆಗೆ ಮತ್ತ ಬರ್ತೀನಿ."

ಅಕ್ಕಾವ್ರು ಸ್ವಲ್ಪ ಹೊತ್ತು ಕಾದರು, ಹುಡುಗಿ ಇನ್ನೇನಾದರೂ ಸೇರಿಸುತ್ತಾಳೋ ಎಂದು. ಅವಳು ಸೇರಿಸಲಿಲ್ಲ.

"ಹೂಂ," ಎಂದರು.

ಬಸಲಿಂಗಪ್ಪ ಹೊರಗೆ ಬೆಂಚಿನಿಂದ ಎದ್ದು ನಿಂತ. "ಹೂಂ ಅಂದ್ರಾ? ಅಂದ್ರ ಸೈನ್ಸ್! ಈಗ ನಾ ಏನ್ ಮಾಡಬೇಕ್ರಿ? ಕೋಚಿಂಗ್ ಹಚ್ಚಲೇನ್ರಿ? ಹುಬ್ಬಳ್ಳಿಗೆ ಕಳಸಲೇನ್ರಿ?"

ಅಕ್ಕಾವ್ರು ಬಾಗಿಲಿಗೆ ಬಂದರು. "ನಿನ್ನ ಹೇಣ್ತಿ ಹೆಂಗದಾಳ?"

"ಆಕಿಗೇನ್ರಿ! ಕಲ್ಲಿನಂಗ ಅದಾಳ."

ಫಕೀರವ್ವ ನಕ್ಕಳು. ನೆರಿಗೆ ಹಿಡಿದುಕೊಂಡು, ಸೊಸೆಯ ಮೇಲೆ ಬಿದ್ದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಸುರೇಖಾ ನಕ್ಕಳು. ಗಂಡಸರ ಸಾಲಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಅಕ್ಕಾವ್ರು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮಾತು ಬಸಲಿಂಗಪ್ಪ ಒಬ್ಬನಿಗೆ ಹೇಳಿದ್ದಲ್ಲ. ಇದನ್ನು ಓದುತ್ತಾ ಕೂತಿರುವ ನಿಮಗೂ ಸೇರಿಸಿ ಹೇಳಿದ್ದು. ಏಳಿ.

"ಮನಿಗೆ ಹೋಗ್ರಿ. ನಿಮ್ಮ ಹೇಣ್ತೀನ್ನ, ನಿಮ್ಮ ಅವ್ವನ್ನ ಕೇಳ್ರಿ, ನಿನಗ ಎಲ್ಲಿ ನೋವಾಗ್ತದ ಅಂತ. ಏನಿಲ್ಲ ಅಂತಾಳ. ಎದ್ದು ಹೋಗಬ್ಯಾಡ್ರಿ. ಬಾಯಿ ಮುಚ್ಚಿಕೊಂಡು ಅಲ್ಲೇ ಕುಂದರ್ರಿ."